ಮಾವನವರ ಚಾಕುವಿನ ಮೂರನೇ ದೋಷ

ಆ ಭಾನುವಾರ ಬೆಳಗ್ಗೆ ಜಾಲಹಳ್ಳಿಯ ನಮ್ಮ ಮನೆಯ ತಾರಸಿಯ ಮೇಲೆ, ಗುಲಾಬಿ ಕುಂಡಗಳ ಪಕ್ಕದಲ್ಲಿ ಸೇರಿದ್ದವರು ಮೂರು ಜನ. ಒಬ್ಬಳು ನಾನು. ಇನ್ನೊಬ್ಬರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಮ್ಮ ಯಜಮಾನರು. ಕೈಯಲ್ಲಿ ಪೇಪರ್ ಹಿಡಿದು ಕಾಫಿ ಇನ್ನೂ ಯಾಕೆ ಬಂದಿಲ್ಲ ಎಂದು ವಿಚಾರಿಸಲು ಮೇಲೆ ಬಂದಿದ್ದರು. ಮೂರನೆಯವರು ಪಕ್ಕದ ಮನೆ ಲಲಿತಮ್ಮ. ಒಣಹಾಕಿದ ಹಪ್ಪಳ ಕಾಯುವ ನೆಪದಲ್ಲಿ ಅವರ ತಾರಸಿಯ ಗೋಡೆಗೆ ಒರಗಿ ನಮ್ಮ ತಾರಸಿಯನ್ನು ಕಾಯುತ್ತಿದ್ದರು. ನಾಲ್ಕನೆಯವರಾಗಿ ಇರಬೇಕಾಗಿದ್ದ ನಮ್ಮ ಮಾವನವರು ಊರಲ್ಲಿರಲಿಲ್ಲ. ಅವರಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರ ಬದಲಿಗೆ ಅವರ ಚಾಕು ಇತ್ತು, ನನ್ನ ಅಂಗೈಯಲ್ಲಿ.

ಮಾವನವರು ರಾಣೆಬೆನ್ನೂರಿನ ಕಡೆಯ ಒಂದು ಸಸ್ಯತೋಟದಲ್ಲಿ ನಲವತ್ತು ವರ್ಷ ಗಿಡಗಳಿಗೆ ಕಸಿ ಕಟ್ಟಿದವರು. ಅತ್ತೆ ಹೋದ ಮೇಲೆ ನಮ್ಮ ಜೊತೆ ಬಂದು ಇದ್ದಾರೆ. ಈ ಊರಿನಲ್ಲಿ ಅವರಿಗೆ ಒಗ್ಗಿದ್ದು ಎರಡೇ: ಮೇಲಿನ ಗುಲಾಬಿ ಕುಂಡಗಳು, ಜೇಬಿನಲ್ಲಿನ ಮಡಚುವ ಚಾಕು. ಆ ಚಾಕು ಕೂಡ ಅವರದ್ದಾಗಿ ಹುಟ್ಟಿದ್ದಲ್ಲ. ಅವರು ಕೆಲಸಕ್ಕೆ ಸೇರಿದ ವರ್ಷ ಸಂತೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಮಾಲು. ಮರದ ಹಿಡಿಯ ಮೇಲೆ ಹಳೇ ಮಾಲೀಕನ ಗುರುತು 'ಕೆ.ಎಂ.' ಎಂದು ಕೊರೆದಿದೆ. ಈ ಕೆ.ಎಂ. ಯಾರು ಎಂದು ಯಾರಿಗೂ ಗೊತ್ತಿಲ್ಲ.

ಆ ವಾರ ಮಾವನವರು ಊರಿಗೆ ಹೋಗಿದ್ದು ಒಂದು ಗಿಡಕ್ಕಾಗಿ. ಅವರಿದ್ದ ಹಳೇ ಕ್ವಾರ್ಟರ್ಸಿನ ಮುಂದೆ ಅತ್ತೆ ನೆಟ್ಟಿದ್ದ ಒಂದು ಗುಲಾಬಿ ಗಿಡ ಇತ್ತು. ತಿಳಿ ಗುಲಾಬಿ ಬಣ್ಣ, ಹೆಸರಿಲ್ಲದ ಜಾತಿ. ವಾಸನೆಯಂತೂ ಬೀದಿ ಕೊನೆಗೂ ಬರುತ್ತಿತ್ತಂತೆ. ರಸ್ತೆ ಅಗಲ ಮಾಡಲು ಆ ಸಾಲು ಕೆಡವುತ್ತಾರೆಂದು ಹಳೇ ಸ್ನೇಹಿತರೊಬ್ಬರು ಫೋನ್ ಮಾಡಿದರು. ಅಷ್ಟು ದೊಡ್ಡ ಗಿಡ ಕಿತ್ತು ತಂದರೆ ಬದುಕುವುದಿಲ್ಲ. ಅದರ ಕಡ್ಡಿ ತಂದು ಅದರ ಕಣ್ಣುಗಳನ್ನು, ಅಂದರೆ ಚಿಗುರೊಡೆಯುವ ಮೊಗ್ಗುಗಳನ್ನು, ಬೇರೆ ಗಿಡದ ಮೈಯೊಳಗೆ ಕೂರಿಸಬೇಕು. ಅದಕ್ಕೆಂದೇ ಐದು ಕುಂಡಗಳಲ್ಲಿ ಕಾಡು ಗುಲಾಬಿ ಬೆಳೆಸಿ ಸಿದ್ಧವಾಗಿಟ್ಟಿದ್ದರು.

ಹೊರಡುವ ಮುಂಚೆ ನನ್ನ ಕರೆದು ಚಾಕು ಕೊಟ್ಟರು.

"ತಂಗೀ, ಕಡ್ಡಿ ಕೊಯ್ಯಾಕ ಅಲ್ಲಿ ಕತ್ತರಿ ಸಿಗತೈತಿ. ಇದನ್ನ ಬಸ್ಸಿನ್ಯಾಗ ಎಲ್ಲೆರ ಕಳಕೊಂಡೇನು, ಇಲ್ಲೇ ಇರಲಿ. ಗುರುವಾರ ಮುಂಜಾನೆ ಬರ್ತೀನಿ. ಬಂದ ಕೂಡ್ಲೇ ಕಟ್ಟಬೇಕು. ಕಡ್ಡಿ ಒಣಗಿದ್ರ ಮುಗೀತು, ಮತ್ತ ಎಲ್ಲಿಂದ ತರೂದು? ಗಿಡಾನ ಇರೂದಿಲ್ಲ. ಅಷ್ಟರಾಗ ಚಾಕು ಒಂದೀಟು ಒರೆಸಿ ಇಟ್ಟಿರವ್ವ."

ಓದುಗರು ಗಮನಿಸಬೇಕು. ಅವರು ಹೇಳಿದ್ದು 'ಒರೆಸಿ' ಎಂದು. ಒರೆಸಲು ಬೇಕಾಗಿದ್ದು ಒಂದು ಬಟ್ಟೆ ತುಂಡು!

ಆದರೆ ನಾನು ಸಾಮಾನ್ಯ ಹೆಂಗಸೇ? ಪೀಣ್ಯದ ಒಂದು ಕಾರ್ಖಾನೆಯ ಇನ್ಸ್‌ಪೆಕ್ಷನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತವಳು. ಬೇರೆಯವರು ಮಾಡಿದ ಕಬ್ಬಿಣದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಹಸಿರು ಬಣ್ಣ, ತಪ್ಪಿದ್ದರೆ ಕೆಂಪು ಬಣ್ಣ ಹಚ್ಚುವುದು ನನ್ನ ಕೆಲಸ. ಕೂದಲಿನಷ್ಟು ಹೆಚ್ಚಿದ್ದರೂ ಕೆಂಪು, ಕೂದಲಿನಷ್ಟು ಕಡಿಮೆಯಿದ್ದರೂ ಕೆಂಪು. ಬೆನ್ನ ಹಿಂದೆ ನನ್ನನ್ನು 'ಮೈಕ್ರಾನ್ ನಾಗರತ್ನಮ್ಮ' ಎನ್ನುತ್ತಾರೆಂದು ನನಗೆ ಗೊತ್ತು. ಅದನ್ನು ಹೊಗಳಿಕೆ ಎಂದೇ ಸ್ವೀಕರಿಸಿದ್ದೇನೆ. ಇಷ್ಟು ವರ್ಷದಲ್ಲಿ ನನ್ನ ಕೈಯಾರೆ ಒಂದೇ ಒಂದು ವಸ್ತು ಮಾಡಿಲ್ಲ ಎಂಬುದು ಬೇರೆ ವಿಷಯ.

ಅಂಥವಳ ಕೈಗೆ ಚಾಕು ಕೊಟ್ಟು ಒರೆಸು ಎಂದರೆ?

ಅಲಗು ಬಿಡಿಸಿದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿದೆ. ಕೂದಲೆಳೆಯನ್ನೂ ಅಳೆಯುವ ವರ್ನಿಯರ್ ತೆಗೆದೆ. ಕ್ಯಾಲೆಂಡರ್ ಹಾಳೆಯ ಹಿಂದೆ ಶಾಸ್ತ್ರೋಕ್ತವಾಗಿ ವರದಿ ಬರೆದೆ. ದೋಷ ಒಂದು: ತುದಿಯ ಹತ್ತಿರ ಅಂಚಿನಲ್ಲಿ ಎರಡು ಸಣ್ಣ ಹಲ್ಲು. ದೋಷ ಎರಡು: ಅಲಗಿನ ಮೇಲೆ ಕಪ್ಪು ಕಲೆ. ದೋಷ ಮೂರು, ಇದು ಗಂಭೀರ: ಹಿಡಿಯ ಸಮೀಪ ಅಂಚಿನಲ್ಲಿ ಅರ್ಧಚಂದ್ರಾಕಾರದ ಮುರಿತ. ಅಗಲ ಆರು ಮಿಲಿಮೀಟರ್, ಆಳ ಎರಡು ಪಾಯಿಂಟ್ ಒಂದು. ಕಾರಣ: ಹಿಂದಿನ ಮಾಲೀಕರಾದ ಕೆ.ಎಂ. ಅವರ ಅಜಾಗರೂಕತೆ.

"ಏನೇ ಇದು, ಪೋಸ್ಟ್‌ಮಾರ್ಟಂ ಮಾಡ್ತಿದ್ದೀಯಾ?" ಎಂದರು ಯಜಮಾನರು.

"ಐವತ್ತು ವರ್ಷದಿಂದ ನಿಮ್ಮಪ್ಪ ಈ ಮುರುಕು ಚಾಕೂಲಿ ಕೆಲಸ ಮಾಡಿದ್ದಾರೆ ಪಾಪ! ಒಬ್ರಾದ್ರೂ ಸರಿ ಮಾಡಿಸಿಕೊಟ್ಟಿದ್ದೀರಾ?"

"ಅವರು ಯಾವತ್ತೂ ಕಂಪ್ಲೇಂಟ್ ಮಾಡಿಲ್ಲ."

"ಅದೇ ದೊಡ್ಡೋರ ದೊಡ್ಡತನ. ಗುರುವಾರ ಬಂದು ನೋಡ್ಲಿ, ಹೊಚ್ಚ ಹೊಸದಾಗಿರುತ್ತೆ."

"ಒರೆಸು ಅಂದಿದ್ರು ಅಲ್ವಾ?"

"ನೀವು ಕಾಫಿ ತಾನೇ ಕೇಳೋಕೆ ಬಂದಿದ್ದು?"

ಯಜಮಾನರು ಪೇಪರಿನ ಹಿಂದೆ ಮರೆಯಾದರು. ಗೋಡೆಯಾಚೆಯಿಂದ ಲಲಿತಮ್ಮನವರ ಕೈ ಮೇಲೆದ್ದಿತು. "ಅಯ್ಯೋ ನಾಗರತ್ನಾ, ಇದಕ್ಕೆಲ್ಲ ತಲೆ ಯಾಕ್ರೀ ಕೆಡಿಸ್ಕೊಳ್ತೀರಾ? ಉಪ್ಪಿನಕಾಯಿ ಭರಣಿ ಇದ್ಯಲ್ಲ, ಅದರ ತಳಕ್ಕೆ ಉಜ್ಜಿ. ನಮ್ಮಮ್ಮ ಈಳಿಗೆಮಣೇನೂ ಅದಕ್ಕೇ ಉಜ್ತಾ ಇದ್ದಿದ್ದು. ಹತ್ತೇ ನಿಮಿಷ!"

ಲಲಿತಮ್ಮ ಹೇಳಿದ್ದು ಸುಳ್ಳಲ್ಲ. ಪಿಂಗಾಣಿ ಭರಣಿಯ ತಳದ ಸುತ್ತು ಒರಟಾಗಿರುತ್ತದೆ, ಚಾಕು ಮಸೆಯಲು ಬಲು ಚೆನ್ನು. ಅವರು ಹೇಳದೆ ಬಿಟ್ಟ ಮಾತು ಒಂದೇ. ಭರಣಿ ಖಾಲಿ ಇರಬೇಕು.

ನಮ್ಮ ಭರಣಿಯ ತುಂಬ ಆ ವರ್ಷದ ಮಾವಿನಕಾಯಿ ಉಪ್ಪಿನಕಾಯಿ ಇತ್ತು. ಅದನ್ನು ಬೇರೆ ಪಾತ್ರೆಗೆ ತೋಡಿಡುವಷ್ಟು ತಾಳ್ಮೆ ಎಲ್ಲಿತ್ತು? ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿತ್ತಲ್ಲ! ನೆಲದ ಮೇಲೆ ಕೂತು, ಭರಣಿಯನ್ನು ತಲೆಕೆಳಗು ಮಾಡಿ ತೊಡೆಯ ನಡುವೆ ಇಟ್ಟುಕೊಂಡು ಶ್ರದ್ಧೆಯಿಂದ ಉಜ್ಜತೊಡಗಿದೆ. ಸರ್, ಸರ್, ಸರ್. ಹತ್ತು ನಿಮಿಷಕ್ಕೆ ಮೊದಲ ಎರಡು ಹಲ್ಲುಗಳು ಮಾಯವಾದವು. ನನಗೆ ಹುಮ್ಮಸ್ಸು ಬಂತು. ಇನ್ನೂ ಹತ್ತು ನಿಮಿಷ ಉಜ್ಜಿದೆ. ಕಪ್ಪು ಕಲೆಯೂ ಹೋಯಿತು. ಇನ್ನು ಉಳಿದಿದ್ದು ಮೂರನೇ ದೋಷ. ಇನ್ನೂ ಬಗ್ಗಿ ಉಜ್ಜಿದೆ.

ಮೊಣಕಾಲಿನ ಹತ್ತಿರ ಏನೋ ಬೆಚ್ಚಗಾದಂತೆ, ಆಮೇಲೆ ಉರಿದಂತೆ ಆಯಿತು. ನೋಡಿದರೆ ಸೀರೆಯ ನೆರಿಗೆ ಪೂರ್ತಿ ಕೆಂಪು!

"ಅಯ್ಯಯ್ಯೋ, ಏನೇ ಕುಯ್ಕೊಂಡೆ?" ಯಜಮಾನರು ಪೇಪರ್ ಎಸೆದು ಓಡಿ ಬಂದರು. ಲಲಿತಮ್ಮ ಅವರ ತಾರಸಿಯಿಂದಲೇ ಕೂಗಿಕೊಂಡರು. ಎದುರು ಮನೆಯವರು ಆಟೋ ಕರೆಯಲು ಗೇಟಿನವರೆಗೆ ಹೋಗಿಬಿಟ್ಟರು. ಯಜಮಾನರು ಬಗ್ಗಿ ಮೂಸಿದರು. ಮುಖ ಬದಲಾಯಿತು.

"ಸಾಸಿವೆ ಸ್ವಲ್ಪ ಜಾಸ್ತಿಯಾಗಿದೆ," ಎಂದು ಹೇಳಿ ಪೇಪರ್ ಹುಡುಕಲು ಹೋದರು.

ಎಣ್ಣೆಯೆಲ್ಲ ನನ್ನ ಸೀರೆಗೆ, ಹೋಳುಗಳೆಲ್ಲ ಬಟ್ಟೆಗೆ. ಮೂರನೇ ದೋಷ ಮಾತ್ರ ಇದ್ದ ಹಾಗೇ ಇತ್ತು, ಅರ್ಧಚಂದ್ರ ನನ್ನ ನೋಡಿ ನಕ್ಕ ಹಾಗೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಚಾಕು ಹರಿತವಾಗಿತ್ತು, ಹೊಳೆಯುತ್ತಿತ್ತು. ಬೇರೆ ಯಾರೇ ಆಗಿದ್ದರೂ ನಿಲ್ಲಿಸುತ್ತಿದ್ದರು. ಆದರೆ ಮೂರರಲ್ಲಿ ಒಂದು ದೋಷ ಉಳಿದ ಮಾಲನ್ನು ಮೈಕ್ರಾನ್ ನಾಗರತ್ನಮ್ಮ ತನ್ನ ಕೈಯಿಂದ ಹೊರಗೆ ಬಿಟ್ಟ ಉದಾಹರಣೆಯೇ ಇಲ್ಲ.

ಸೋಮವಾರ ಚಾಕುವನ್ನು ಟಿಫನ್ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಕಾರ್ಖಾನೆಗೆ ಹೊರಟೆ. ಮೆಟ್ರೋ ಕಂಬಗಳು ಆಗಷ್ಟೇ ಎದ್ದು ನಿಲ್ಲುತ್ತಿದ್ದ ಕಾಲ ಅದು. ಬಸ್ಸು ಪೀಣ್ಯ ಮುಟ್ಟುವಷ್ಟರಲ್ಲಿ ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯಲ್ಲಿ ಚಾಕುವಿಗೆ ಒಂದು ಡ್ರಾಯಿಂಗ್ ಬರೆದೆ. ತುದಿಯಿಂದ ಹಿಡಿಯ ಕೀಲಿನವರೆಗೆ ಅಂಚು ಒಂದೇ ನೇರ ಗೆರೆ. ಎಲ್ಲ ಕಡೆ ಎರಡು ಪಾಯಿಂಟ್ ಒಂದು ಮಿಲಿಮೀಟರ್ ತೆಗೆಯಬೇಕು. ಕೆಳಗೆ ನನ್ನ ಸಹಿ.

ಆ ಡ್ರಾಯಿಂಗ್ ಹಿಡಿದು ಗ್ರೈಂಡಿಂಗ್ ಮಷೀನಿನ ಬಸವರಾಜನ ಮುಂದೆ ನಿಂತೆ. ಬಸವರಾಜ ಬಾಗಲಕೋಟೆ ಕಡೆಯವನು, ಕೈ ಬಲು ನಯ. ಹಾಗಿದ್ದೂ ಹತ್ತು ವರ್ಷದಲ್ಲಿ ನಾನು ಅತಿ ಹೆಚ್ಚು ಕೆಂಪು ಬಣ್ಣ ಹಚ್ಚಿದ್ದು ಅವನ ಮಾಲಿಗೇ. "ಕೂದಲಿನಷ್ಟು ಬಿಟ್ಟುಕೊಡ್ರಿ ಮೇಡಂ" ಎಂದು ಅವನು, "ಡ್ರಾಯಿಂಗ್‌ನಲ್ಲಿ ಇದೆಯಾ?" ಎಂದು ನಾನು. ಇದು ನಮ್ಮಿಬ್ಬರ ನಿತ್ಯದ ಸಂಭಾಷಣೆ.

ಬಸವರಾಜ ಊಟದ ಬಿಡುವಿನಲ್ಲಿ ಚಾಕು ತಿರುಗಿಸಿ ತಿರುಗಿಸಿ ನೋಡಿದ. ಅರ್ಧಚಂದ್ರದ ಮೇಲೆ ಹೆಬ್ಬೆರಳು ಆಡಿಸಿದ.

"ಮೇಡಮ್ಮಾರ, ಇದು ಮುರಿದಿದ್ದಲ್ರೀ. ಯಾರೋ ಬೇಕಂತನ ಅರ ಹಾಕಿ ಉಜ್ಜಿ ತಗ್ಗು ಮಾಡ್ಯಾರ. ಅಂಚು ನೋಡ್ರಿ ಎಷ್ಟ್ ನುಣ್ಣಗೈತಿ."

"ಐವತ್ತು ವರ್ಷ ಉಪಯೋಗಿಸಿದ್ರೆ ನುಣ್ಣಗಾಗದೆ ಇರುತ್ತಾ ಬಸವರಾಜ?"

"ಮತ್ತ ಈ ಕೀಲಿನ ಹತ್ರ ಉಬ್ಬೈತಲ್ರೀ, ಇದನ್ನೂ ಹೊಡೀಲ್ಯಾ? ಇದು ಇರಬೇಕು ಅನ್ನಿಸ್ತೈತಿ."

"ಡ್ರಾಯಿಂಗ್‌ನಲ್ಲಿ ಇದೆಯಾ?"

ಬಸವರಾಜ ಡ್ರಾಯಿಂಗ್ ನೋಡಿದ. ನನ್ನ ಮುಖ ನೋಡಿದ. ಹತ್ತು ವರ್ಷದಲ್ಲಿ ಮೊದಲ ಬಾರಿ ಅವನ ಮುಖದ ಮೇಲೆ ದೈವಿಕವಾದ ಒಂದು ಶಾಂತಿ ಮೂಡಿತು.

"ಇಲ್ರೀ ಮೇಡಂ. ಡ್ರಾಯಿಂಗ್ ಹೆಂಗೈತಿ ಹಂಗ ಮಾಡಿಬಿಡ್ತೀನಿ."

ಮಾಡಿಬಿಟ್ಟ! ತಣ್ಣೀರು ಸುರಿದುಕೊಂಡು, ಅಲಗು ಬಿಸಿಯಾಗದಂತೆ, ಹೂವಿನ ಹಾಗೆ ಮಸೆದ. ವರ್ನಿಯರ್ ಹಿಡಿದು ಅಳೆದೆ. ಎಲ್ಲಿಂದ ಎಲ್ಲಿಗೆ ಅಳೆದರೂ ಡ್ರಾಯಿಂಗ್ ಪ್ರಕಾರ. ಮೂರನೇ ದೋಷ ಭೂಮಿಯ ಮೇಲಿಂದ ಮಾಯ! ಒಂದು ಚುಕ್ಕೆ ಹಸಿರು ಬಣ್ಣ ಹಿಡಿಗೆ ಹಚ್ಚಿದೆ. ಬಸವರಾಜನಿಗೆ ಹಸಿರು ಬಿದ್ದಿದ್ದಕ್ಕೆ ಅಕ್ಕಪಕ್ಕದ ಮಷೀನಿನವರು ಚಪ್ಪಾಳೆ ತಟ್ಟಿದರು. ನಾನು ತಲೆಬಾಗಿ ವಂದಿಸಿ, ಚಾಕು ಮಡಚಿದೆ.

ಟಕ್.

ಅದೇ ಕೊನೆ. ಆಮೇಲೆ ಅದು ತೆರೆಯಲಿಲ್ಲ.

ಮಡಚುವ ಚಾಕುವಿನ ಅಲಗಿನ ಮೇಲೆ ಉಗುರು ಸಿಕ್ಕಿಸಿ ಎಳೆಯಲು ಒಂದು ಸಣ್ಣ ಗೀರು ಇರುತ್ತದೆ. ಮಡಚಿದಾಗ ಅದು ಹಿಡಿಯಿಂದ ಆಚೆ ಕಾಣಬೇಕು. ಕೀಲಿನ ಹತ್ತಿರ ಬಸವರಾಜ ಹೇಳಿದ ಆ ಉಬ್ಬು ಇದೆಯಲ್ಲ, ಅದೇ ಅಲಗನ್ನು ಪೂರ್ತಿ ಒಳಗೆ ಬೀಳದಂತೆ ಎತ್ತಿ ಹಿಡಿಯುವುದು. ನನ್ನ ಡ್ರಾಯಿಂಗ್ ಪ್ರಕಾರ ಅದನ್ನೂ ಹೊಡೆದಾಗಿತ್ತು. ಅಲಗು ಎರಡು ಪಾಯಿಂಟ್ ಒಂದು ಮಿಲಿಮೀಟರ್ ಕೆಳಗಿಳಿದು, ಗೀರಿನ ಸಮೇತ ಹಿಡಿಯೊಳಗೆ ಹೋಗಿ ಮಲಗಿತು. ಆ ಹೊತ್ತಿಗೆ ಪೀಣ್ಯದಲ್ಲೇ ಅತ್ಯಂತ ಹರಿತವಾದ ಚಾಕು ಅದು. ತೆಗೆಯಲು ಮಾತ್ರ ಆಗುವುದಿಲ್ಲ!

"ಬಸವರಾಜಾ!"

"ಡ್ರಾಯಿಂಗ್ ಪ್ರಕಾರ ಐತ್ರೀ ಮೇಡಂ," ಎಂದ ಬಸವರಾಜ, ಕೈ ಕಟ್ಟಿಕೊಂಡು. ಅಷ್ಟರಲ್ಲಿ ಊಟದ ಬಿಡುವು ಮುಗಿದ ಗಂಟೆ ಹೊಡೆಯಿತು.

ಮಂಗಳವಾರ, ಬುಧವಾರ ಎರಡು ದಿನ ನಾನು ಮಾಡಿದ ಪ್ರಯತ್ನಗಳನ್ನು ವಿವರವಾಗಿ ಹೇಳಿದರೆ ನನ್ನ ಮೇಲೆ ಯಾರಿಗೂ ಗೌರವ ಉಳಿಯಲಾರದು. ಉಗುರಿನಿಂದ ಎಳೆದೆ, ಎರಡು ಉಗುರು ಹೋದವು. ತಲೆಪಿನ್ನು ಹಾಕಿದೆ, ಪಿನ್ನು ಒಳಗೇ ಉಳಿಯಿತು. ಪಿನ್ನು ತೆಗೆಯಲು ಅಯಸ್ಕಾಂತ ತಂದೆ. ಪಿನ್ನು ಬಂತು, ಚಾಕು ಬರಲಿಲ್ಲ. ಲಲಿತಮ್ಮ ಕೊಬ್ಬರಿ ಎಣ್ಣೆ ಬಿಡಲು ಹೇಳಿದರು. ಅದನ್ನೂ ಬಿಟ್ಟೆ. ಈಗ ಹಿಡಿಯೂ ಕೈಯಿಂದ ಜಾರತೊಡಗಿತು. ಯಜಮಾನರು ಪೇಪರ್ ಮಡಚಿ, ಅಡುಗೆಮನೆಯಿಂದ ತರಕಾರಿ ಚಾಕು ತಂದು, ಅದರ ತುದಿಯನ್ನು ಸಂದಿಗೆ ತೂರಿಸಿ ಮೀಟಿದರು. ತೆರೆಯಿತು! ಮಡಚಿದರು. ಮತ್ತೆ ಒಳಗೆ ಹೋಯಿತು.

"ಲೆಕ್ಕ ಬಿಡಿಸಿದೆ ನೋಡೇ," ಎಂದರು. "ಈ ಚಾಕು ಉಪಯೋಗಿಸೋಕೆ ಇನ್ನೊಂದು ಚಾಕು ಬೇಕು. ಆ ಇನ್ನೊಂದು ಚಾಕು ಇದ್ರೆ ಈ ಚಾಕು ಬೇಡ."

"ನಿಮ್ಮಪ್ಪ ಬಂದಾಗ ಬಿಚ್ಚೇ ಇಟ್ಟಿರ್ತೀನಿ. ಅವರು ಕಸಿ ಕಟ್ಟಿದ ಮೇಲೆ ನೋಡ್ಕೊಳ್ಳೋಣ."

"ಅವರು ಮೊದಲು ಮಾಡೋ ಕೆಲಸ ಏನು ಗೊತ್ತಾ? ಜೇಬಿಗೆ ಹಾಕ್ಕೊಳ್ಳೋದು."

ಗುರುವಾರ ಬೆಳಗ್ಗೆ ನಾನು ಅರ್ಧ ದಿನ ರಜೆ ಹಾಕಿ ಕಾದೆ. ಮಾವನವರು ಬಂದರು. ಒದ್ದೆ ಗೋಣಿಯಲ್ಲಿ ಸುತ್ತಿದ ಕಟ್ಟನ್ನು ಕೂಸಿನ ಹಾಗೆ ಎದೆಗವುಚಿಕೊಂಡಿದ್ದರು. ಕಾಲು ತೊಳೆಯುವುದಕ್ಕೂ ನಿಲ್ಲದೆ ತಾರಸಿ ಹತ್ತಿದರು. ಬಿಚ್ಚಿಟ್ಟಿದ್ದ ಚಾಕುವನ್ನು ಕಂಡು ಮುಖ ಅರಳಿತು.

"ಏ, ಭಾಳ ಛಲೋ ಹೊಳೀತೈತಲ್ಲವಾ!" ಎಂದು ಮಡಚಿ ಜೇಬಿಗೆ ಹಾಕಿಕೊಂಡರು.

ಯಜಮಾನರು ಆಕಾಶ ನೋಡಿದರು.

ಕುಂಡಗಳನ್ನು ಸಾಲಾಗಿ ಇಟ್ಟುಕೊಂಡು, ಕಡ್ಡಿ ಬಿಚ್ಚಿ, ಜೇಬಿನಿಂದ ಚಾಕು ತೆಗೆದರು. ಉಗುರು ಹಾಕಿದರು. ಮತ್ತೆ ಹಾಕಿದರು. ತಿರುಗಿಸಿ ನೋಡಿದರು.

"ಏನವಾ ಇದು, ಬಾಯೇ ಬಿಡವಲ್ದು!"

ನಾನು ಬಾಯಿ ಬಿಟ್ಟೆ. ಭರಣಿಯಿಂದ ಹಿಡಿದು ಡ್ರಾಯಿಂಗಿನವರೆಗೆ ಎಲ್ಲ ಹೇಳಿದೆ. ಮಾವನವರು ಬೆಂಕಿಪೊಟ್ಟಣ ಕೇಳಿದರು. ತರಕಾರಿ ಚಾಕುವಿನಿಂದ ಅಲಗು ಮೀಟಿ, ಒಂದು ಬೆಂಕಿಕಡ್ಡಿ ಮುರಿದು, ಕೀಲಿನ ಹತ್ತಿರ ಸಂದಿನಲ್ಲಿ ತುಂಡು ಕೂರಿಸಿದರು. ಮಡಚಿದರು. ಗೀರು ಆಚೆ ಕಾಣಿಸಿತು. ಉಗುರು ಹಾಕಿದರು, ತೆರೆಯಿತು. ಮೂರು ದಿನದ ನನ್ನ ಒದ್ದಾಟಕ್ಕೆ ಅರ್ಧ ಬೆಂಕಿಕಡ್ಡಿ!

ನಿಟ್ಟುಸಿರು ಬಿಡುವಷ್ಟರಲ್ಲಿ ಅವರ ಹೆಬ್ಬೆರಳು ಅಲಗಿನ ಮೇಲೆ ಹಿಡಿಯ ಕಡೆಗೆ ಹೋಯಿತು. ಅಲ್ಲಿ ಏನನ್ನೋ ಹುಡುಕಿತು. ಮತ್ತೆ ಹುಡುಕಿತು.

"ಇಲ್ಲೊಂದು ತಗ್ಗು ಇತ್ತಲ್ಲವಾ?"

"ಅದು… ಮುರಿದಿತ್ತಲ್ಲ ಮಾವ. ಕೆ.ಎಂ. ಕಾಲದ್ದು."

"ಕೆ.ಎಂ. ಅಲ್ಲವಾ. ನಾನ ಮಾಡಿದ್ದು. ಮದುವ್ಯಾದ ವರ್ಷ. ನಿಮ್ಮ ಅತ್ತೀಗೆ ಗುಲಾಬಿ ಅಂದ್ರ ಜೀವ. ಮುಡಕೊಂಡ್ರ ಮುಳ್ಳು ಚುಚ್ಚತಾವು ಅಂತಿದ್ಲು. ಆ ತಗ್ಗಿನ್ಯಾಗ ಕಡ್ಡಿ ಇಟ್ಟು ಎಳದ್ರ ಒಂದ ಸಲಕ್ಕ ಮುಳ್ಳೆಲ್ಲ ಉದುರತಿದ್ವು."

ನನಗೆ ನೆಲ ಬಾಯಿ ಬಿಟ್ಟರೆ ಸಾಕಿತ್ತು. ಚಾಕುವಿನ ಹಾಗೆ ಅದೂ ಬಿಡಲಿಲ್ಲ. ಪಾಪ, ಆ ಕೆ.ಎಂ.! ಎಲ್ಲಿದ್ದರೂ ನನ್ನನ್ನು ಕ್ಷಮಿಸಲಿ.

ಮಾವನವರು ಕಡ್ಡಿಗಳ ಕಟ್ಟಿನ ಕಡೆ ತಿರುಗಿದರು. "ಆತು ಬಿಡು. ಕಡ್ಡಿ ಒಣಗತಾವು. ಈ ಮುಳ್ಳು ಮೊದಲ ತೆಗೀಬೇಕು, ಇಲ್ಲಾಂದ್ರ ಕೈ ನಿಲ್ಲೂದಿಲ್ಲ. ಹೆಂಗ ಮಾಡೂಣು?"

ನಾನು ಕೆಳಗೆ ಓಡಿದೆ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ, ಚಿಮಟ ಹಿಡಿದು ಬಂದು ಅವರ ಪಕ್ಕ ಕೂತೆ. ಒಂದೊಂದೇ ಮುಳ್ಳನ್ನು ಬದಿಗೆ ಒತ್ತಿ ಮುರಿದೆ. ಚಾಕುವಿನ ಆ ತಗ್ಗು ಒಂದೇ ಎಳೆತಕ್ಕೆ ಮಾಡುತ್ತಿದ್ದ ಕೆಲಸಕ್ಕೆ ನನಗೆ ಒಂದು ಗಂಟೆ ಬೇಕಾಯಿತು. ನಾನು ಕಡ್ಡಿ ಕೊಡುತ್ತಿದ್ದೆ. ಅವರು ಕಣ್ಣು ಎಬ್ಬಿಸಿ ಕಾಡು ಗುಲಾಬಿಯ ತೊಗಟೆಯೊಳಗೆ ಕೂರಿಸಿ ಪಟ್ಟಿ ಸುತ್ತುತ್ತಿದ್ದರು. ಐದನೆಯದು ಕಟ್ಟಿ ಮುಗಿಸಿ ಅಲಗು ಒರೆಸಿದರು.

"ಹರಿತ ಮಾತ್ರ ಭೇಷ್ ಆಗೇತಿ," ಎಂದರು. ಅದು ನನ್ನ ಸಮಾಧಾನಕ್ಕೆ ಹೇಳಿದ್ದು ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಮರುದಿನ ಮತ್ತೆ ಬಸವರಾಜನ ಮುಂದೆ ನಿಂತೆ. ತಗ್ಗು ವಾಪಸ್ ಬೇಕು ಎಂದೆ. ಅವನು ಕೈ ಒರೆಸಿಕೊಂಡು ಕೇಳಿದ, "ಡ್ರಾಯಿಂಗ್ ಐತೇನ್ರೀ ಮೇಡಂ?"

ಇತ್ತು! ಕ್ಯಾಲೆಂಡರ್ ಹಾಳೆಯ ಹಿಂದೆ ದೋಷ ಮೂರು: ಅಗಲ ಆರು ಮಿಲಿಮೀಟರ್, ಆಳ ಎರಡು ಪಾಯಿಂಟ್ ಒಂದು, ಅರ್ಧಚಂದ್ರಾಕಾರ. 'ದೋಷ' ಎಂಬ ಪದ ಹೊಡೆದುಹಾಕಿ ಅವನ ಕೈಗೆ ಕೊಟ್ಟೆ. ಬಸವರಾಜ ಓದಿ, ಕೆಳಗೆ ಬೆರಳಿಟ್ಟು, "ಸಹಿ ಇಲ್ರೀ," ಎಂದ. ಸಹಿ ಹಾಕಿದೆ. ಒಂದು ದುಂಡನೆಯ ಅರ ತಗೊಂಡು ಹತ್ತು ನಿಮಿಷದಲ್ಲಿ ಮುಗಿಸಿದ. ನಾನು ಅಳೆಯಲಿಲ್ಲ. ವರ್ನಿಯರ್ ಜೇಬಿನಲ್ಲೇ ಇತ್ತು, ಆದರೂ ಅಳೆಯಲಿಲ್ಲ. ಅದಕ್ಕೂ ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು.

ಐದು ಕಣ್ಣುಗಳಲ್ಲಿ ನಾಲ್ಕು ಕಪ್ಪಾಗಿ ಉದುರಿದವು. ನನ್ನ ಕೋಣೆಗೆ ಇಂಥ ಲಾಟ್ ಬಂದಿದ್ದರೆ ಪೂರ್ತಿ ವಾಪಸ್ ಕಳಿಸುತ್ತಿದ್ದೆ. ಒಂದು ಮಾತ್ರ ಮೂರು ವಾರಕ್ಕೆ ಕೆಂಪಗೆ ಚಿಗುರಿತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಅದರಲ್ಲಿ ಮೊದಲ ಹೂ ಬಿಟ್ಟಿತು. ನಾನು ಕೆಲಸಕ್ಕೆ ಹೊರಟಿದ್ದೆ. ಮಾವನವರು ತಾರಸಿಯಿಂದ ಇಳಿದು ಬಂದರು. ಬಾಗಿಲಲ್ಲಿ ನಿಂತು ಚಾಕು ಬಿಡಿಸಿ, ಹೂವಿನ ಕಡ್ಡಿಯನ್ನು ಹೊಸ ತಗ್ಗಿನಲ್ಲಿಟ್ಟು ಎಳೆದು, "ಹಿಡಿಯವಾ, ಮುಡಕೋ. ಒಂದೂ ಮುಳ್ಳಿಲ್ಲ," ಎಂದರು. ಮುಡಿದುಕೊಂಡೆ.

ಬಸ್ಸು ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ತಲೆಯ ಹಿಂದೆ ಚುರಕ್ಕೆಂದಿತು. ಕೈ ಹಾಕಿ ನೋಡಿದೆ. ಒಂದು ಮುಳ್ಳು ಉಳಿದಿತ್ತು. ಸಂಜೆ ಮನೆಗೆ ಬರುವವರೆಗೂ ಹಾಗೇ ಬಿಟ್ಟೆ. ಮಾವನವರು ಗೇಟಿನ ಹತ್ತಿರವೇ ನಿಂತು, "ಚುಚ್ಚಲಿಲ್ಲಲ್ಲವಾ?" ಎಂದು ಕೇಳಿದರು.

"ಇಲ್ಲ ಮಾವ, ಒಂದೂ ಇರಲಿಲ್ಲ," ಎಂದೆ.